ಪಠ್ಯಕ್ರಮ ಅಂದರೆ ಏನ್ರಿ? ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಕುಂದಗೋಳದ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಹೆಚ್ಚಾಗಿ ಗಣಿತ, ವಿಜ್ಞಾನ. ಪಾಲಕರ ಸಭೆಯಲ್ಲಿ ಎಲ್ಲರೂ ಸುಮ್ನೆ ಕೂತಿರುತ್ತಾರೆ. ಸಭೆ ಮುಗಿದು ಚಹಾ ಕೈಗೆ ಬಂದ ಮೇಲೆ "ಅಕ್ಕೋರೆ, ಒಂದು ಮಾತು..." ಅಂತ ಶುರುವಾಗುತ್ತದೆ. ಹಾಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

## ಪಠ್ಯಕ್ರಮ, ಪಠ್ಯವಸ್ತು, ಪಠ್ಯಪುಸ್ತಕ: ಮೂರೂ ಒಂದೇ ಅಲ್ವಾ?

ಅಲ್ಲ. ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. ಐದನೇ ತರಗತಿ ಮುಗಿಸಿದ ಮಗು ದಿನದ ಲೆಕ್ಕದಲ್ಲಿ ಅರ್ಧ, ಕಾಲು, ಮುಕ್ಕಾಲನ್ನು ಬಳಸಬಲ್ಲದಾಗಿರಬೇಕು ಅನ್ನುವುದು ಪಠ್ಯಕ್ರಮದ ಮಾತು. ಅದಕ್ಕಾಗಿ ಸಮಾನ ಭಿನ್ನರಾಶಿ, ಹೋಲಿಕೆ, ಕೂಡಿಸುವುದು ಇಷ್ಟನ್ನು ಈ ವರ್ಷ ಕಲಿಸಿ ಅನ್ನುವುದು ಪಠ್ಯವಸ್ತು. ಅದನ್ನು ಚಿತ್ರ, ಉದಾಹರಣೆ, ಅಭ್ಯಾಸ ಹಾಕಿ ಅಚ್ಚು ಮಾಡಿ ಕೊಟ್ಟದ್ದು ಪಠ್ಯಪುಸ್ತಕ.

ಪುಸ್ತಕದಲ್ಲಿ ಕೇಕ್ ಕತ್ತರಿಸುವ ಚಿತ್ರ ಇರಬಹುದು. ನಾನು ಕೇಕ್ ಬಿಟ್ಟು ಸಂತೆಗೆ ಹೋಗುತ್ತೇನೆ. "ದೀಡ ಕಿಲೋ ಉಳ್ಳಾಗಡ್ಡಿ, ಪಾವ ಕಿಲೋ ಹಸಿಮೆಣಸಿನಕಾಯಿ. ಚೀಲದ ತೂಕ ಎಷ್ಟಾಯಿತು?" ದೀಡ ಅಂದರೆ ಒಂದೂವರೆ, ಪಾವ ಅಂದರೆ ಕಾಲು. ಪುಸ್ತಕ ಬಿಟ್ಟೆ, ಪಠ್ಯಕ್ರಮ ಬಿಡಲಿಲ್ಲ. ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆ ಪಾವಕಿ, ನಿಮಕಿ, ದೀಡಕಿ ಅಂತ ಭಿನ್ನರಾಶಿಯ ಮಗ್ಗಿಯೇ ಬಾಯಿಪಾಠ ಇರುತ್ತಿತ್ತು. ಅದು ಮುಂಬೈ ಪ್ರಾಂತ್ಯದ ಕಾಲದ ಶಾಲೆಯ ಪಠ್ಯಕ್ರಮ. ಸಂತೆ, ಸಾಲ, ಬಡ್ಡಿ ಲೆಕ್ಕ ಬರಬೇಕು ಅನ್ನುವುದು ಅದರ ಗುರಿ. ಆಗಿನ ಮುಲ್ಕಿ ಪರೀಕ್ಷೆ ಪಾಸಾದ ಅಜ್ಜ ಇವತ್ತಿಗೂ ಕಾಗದ ಪೆನ್ನು ಮುಟ್ಟದೆ ಬಡ್ಡಿ ಹೇಳಿಬಿಡುತ್ತಾನೆ. ಆದರೆ ಬೀಜಗಣಿತದ ಸಮೀಕರಣ ಕೇಳಿದರೆ ನಗುತ್ತಾನೆ. ಆಗಿನವರು ಏನನ್ನು ಮುಖ್ಯ ಅಂದುಕೊಂಡಿದ್ದರೋ ಅದು ಅವನಿಗೆ ಬಂತು, ಅಷ್ಟೇ.

## ಇದನ್ನೆಲ್ಲ ಯಾರು ಬರೆಯುತ್ತಾರೆ? ನಮ್ಮ ಶಾಲೆಯವರು ಬದಲಿಸಬಹುದಾ?

ಶಿಕ್ಷಣ 1976ರ ಸಂವಿಧಾನ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಹಕ್ಕಿದೆ. ದೆಹಲಿಯಲ್ಲಿ ಎನ್‌ಸಿಇಆರ್‌ಟಿ, ಅಂದರೆ ಶಾಲಾ ಶಿಕ್ಷಣದ ಕೇಂದ್ರ ಸಂಸ್ಥೆ, 1961ರಿಂದ ಇದೆ. ಅದು ಆಗಾಗ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರುತ್ತದೆ. 2005ರದು ನಮ್ಮಂಥ ಶಿಕ್ಷಕರ ಮೇಲೆ ಜಾಸ್ತಿ ಪರಿಣಾಮ ಮಾಡಿತು. ವಿಜ್ಞಾನಿ ಯಶಪಾಲ್ ಅವರ ನೇತೃತ್ವದಲ್ಲಿ ಆದದ್ದು. ಇತ್ತೀಚಿನದು 2023ರದು. ರಾಜ್ಯದಲ್ಲಿ ಅದೇ ಥರದ ಕೆಲಸಕ್ಕೆ ಡಿಎಸ್‌ಇಆರ್‌ಟಿ ಇದೆ, ಪುಸ್ತಕಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘ ಇದೆ. ರಾಜ್ಯ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅವರ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ.

ಶಾಲೆಯವರು ಗುರಿ ಬದಲಿಸುವಂತಿಲ್ಲ. ದಾರಿಯನ್ನು ಖಂಡಿತ ಬದಲಿಸಬಹುದು. ನಾವು ಬರೆಯುವ ಪಾಠಯೋಜನೆ ಇರುವುದೇ ಅದಕ್ಕೆ. ಹಳೆಯ ಯೋಜನೆಯ ತಾರೀಖು ತಿದ್ದಿ ಮತ್ತೆ ತೋರಿಸುವುದೂ ನಡೆಯುತ್ತದೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

## ಅಕ್ಕೋರೆ, ಪೋರ್ಷನ್ ಮುಗಿದಿದೆಯಾ?

ಇದು ತಪ್ಪದ ಪ್ರಶ್ನೆ. ಜನವರಿಯಲ್ಲಂತೂ ಪಾಲಕರು ಕೇಳುತ್ತಾರೆ, ಮುಖ್ಯಶಿಕ್ಷಕರು ಕೇಳುತ್ತಾರೆ, ಮೇಲಿನವರು ಕೇಳುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 24ನೇ ಕಲಮು ಶಿಕ್ಷಕರ ಕರ್ತವ್ಯ ಹೇಳುತ್ತದೆ. ನಿಗದಿತ ಸಮಯದೊಳಗೆ ಪೂರ್ತಿ ಪಠ್ಯಕ್ರಮ ಮುಗಿಸಬೇಕು ಅಂತ ಒಂದು ಮಾತಿದೆ. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ: ಪ್ರತಿ ಮಗುವಿನ ಕಲಿಕೆ ಎಷ್ಟಾಗಿದೆ ನೋಡಿ, ಬೇಕಾದವರಿಗೆ ಹೆಚ್ಚಿನ ಪಾಠ ಕೊಡಬೇಕು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳಿದ ಪಾಲಕರು ನನ್ನ ಇಷ್ಟು ವರ್ಷದಲ್ಲಿ ಕೈಬೆರಳಿನಷ್ಟು.

ಹೊತ್ತಿನ ಲೆಕ್ಕವನ್ನೂ ನೋಡಿ. ಅದೇ ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಅನ್ನುತ್ತದೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ಕೇಳಲು ಜಾಸ್ತಿ ಅನಿಸುತ್ತದೆ. ಅದನ್ನು ಎಲ್ಲ ವಿಷಯಗಳಿಗೂ ಹಂಚಿ. ಜಯಂತಿ, ಸಮೀಕ್ಷೆ, ತರಬೇತಿ, ಕ್ರೀಡಾಕೂಟ, ಪರೀಕ್ಷೆಯ ದಿನಗಳನ್ನು ಕಳೆಯಿರಿ. ಹೆಸರುಕಾಳು ಬಿಡಿಸುವ ವಾರ ಅರ್ಧ ತರಗತಿ ಹೊಲದಲ್ಲಿರುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಸುಗ್ಗಿ ಬಂದರೂ ಅದೇ ಕಥೆ. ಉಳಿದ ಹೊತ್ತಿನಲ್ಲಿ ಪುಸ್ತಕದ ಕೊನೆಯ ಪುಟ ಮುಟ್ಟಬೇಕಾದರೆ ಓಡಬೇಕು. ಓಡುವಾಗ ಹಿಂದೆ ಯಾರು ಉಳಿದರು ಅಂತ ತಿರುಗಿ ನೋಡಲು ಆಗುವುದಿಲ್ಲ.

ಒಂದು ವರ್ಷ ನಾನು ಏಳನೇ ತರಗತಿಯ ಗಣಿತವನ್ನು ಜನವರಿಯಲ್ಲೇ ಮುಗಿಸಿ ಬೀಗಿದ್ದೆ. ಆಮೇಲೆ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಹಾಕಿದೆ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ನೀವು ಗಂಟೆಗೆ 4 ಕಿಲೋಮೀಟರ್ ನಡೆಯುತ್ತೀರಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಹೊತ್ತು? ತರಗತಿ ಸುಮ್ಮನಾಯಿತು. ಕೊನೆಗೆ ಒಬ್ಬಳು ಕೇಳಿದಳು: "ಅಕ್ಕೋರೆ, ಇದು ಗುಣಿಸೋದೋ ಭಾಗಿಸೋದೋ?" ಉತ್ತರ ಇಪ್ಪತ್ಮೂರು ನಿಮಿಷದ ಹತ್ತಿರ ಬರುತ್ತದೆ. ಕಾಲ, ವೇಗ, ದೂರ ಎಲ್ಲ ಮುಗಿಸಿದ್ದೆ. ನನ್ನ ಪೋರ್ಷನ್ ಮುಗಿದಿತ್ತು, ಅವರದು ಶುರುವೇ ಆಗಿರಲಿಲ್ಲ. ಫೆಬ್ರವರಿ ಪೂರ್ತಿ ಹಿಂದಕ್ಕೆ ಹೋದೆವು.

## ನಲಿ-ಕಲಿಯಲ್ಲಿ ಮಕ್ಕಳು ಕಾರ್ಡ್ ಹಿಡಿದು ಆಡುತ್ತಾ ಕೂತಿರುತ್ತವೆ. ಇದೆಂಥಾ ಪಠ್ಯಕ್ರಮ?

ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರೇ ಅದನ್ನು ಕಟ್ಟಿದರು. 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತನ್ನ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ಸಹಾಯ, ಇನ್ನೊಂದರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ತಾನೇ ಮಾಡಬೇಕು.

ಇದರ ಬೆಲೆ ನನಗೆ ಗೊತ್ತಾದದ್ದು ಗುಳೆ ಹೋಗುವ ಮಕ್ಕಳಿಂದ. ಗದಗ ಕಡೆಯ ತಾಂಡಾಗಳಿಂದ ಅಪ್ಪ ಅವ್ವನ ಜೊತೆ ಗೋವಾಕ್ಕೋ ಮಂಗಳೂರಿಗೋ ಹೋದ ಮಗು ಮೂರು ತಿಂಗಳ ಮೇಲೆ ಬರುತ್ತದೆ. ಮಾಮೂಲಿ ತರಗತಿಯಾದರೆ ಎಲ್ಲರೂ ಎಂಟನೇ ಪಾಠದಲ್ಲಿರುತ್ತಾರೆ, ಇದು ಮೂರನೆಯದರಲ್ಲಿ. ಅಲ್ಲಿಗೆ ಮುಗಿಯಿತು ಅದರ ಕಥೆ. ನಲಿ-ಕಲಿಯಲ್ಲಿ ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದು. ಯಾರೂ ಅದನ್ನು "ನಪಾಸು" ಅನ್ನುವುದಿಲ್ಲ.

ಹುಳುಕು ಇಲ್ಲವೇ? ಇದೆ. ಕಾರ್ಡ್‌ಗಳು ಹರಿಯುತ್ತವೆ, ಕಳೆದುಹೋಗುತ್ತವೆ. ನಲವತ್ತು ಮಕ್ಕಳಿಗೆ ಒಬ್ಬರೇ ಶಿಕ್ಷಕರಾದರೆ ತಟ್ಟೆಗಳೆಲ್ಲ ಗದ್ದಲದ ಗುಂಪಾಗುತ್ತವೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಪುಸ್ತಕ, ಬೆಂಚು, ಬೋರ್ಡು. ತನ್ನ ಪಾಡಿಗೆ ಕಲಿತ ಮಗುವಿಗೆ ಅದು ಬೇರೆಯೇ ಊರು. ಜುಲೈವರೆಗೂ ಕಣ್ಣು ಕಣ್ಣು ಬಿಡುತ್ತವೆ.

## ಪುಸ್ತಕದ ಕನ್ನಡ ನಮ್ಮ ಮನೆಯ ಮಾತಿನ ಹಾಗೆ ಇಲ್ಲವಲ್ಲ?

ಹೌದು, ಇಲ್ಲ. ನಮ್ಮ ಮಗು ಶೇಂಗಾ ಅನ್ನುತ್ತದೆ, ಪುಸ್ತಕ ಕಡಲೆಕಾಯಿ ಅನ್ನುತ್ತದೆ. ಬಟಾಟಿ ಆಲೂಗಡ್ಡೆಯಾಗುತ್ತದೆ, ಉಳ್ಳಾಗಡ್ಡಿ ಈರುಳ್ಳಿಯಾಗುತ್ತದೆ, ಗೋವಿನಜೋಳ ಮೆಕ್ಕೆಜೋಳ. ಅವ್ವ ಅಮ್ಮ ಆಗುತ್ತಾಳೆ. ದೊಡ್ಡವರಿಗೆ ಇದು ಸಣ್ಣ ಸಂಗತಿ. ಒಂದನೇ ತರಗತಿಯ ಮಗುವಿಗೆ ಅಲ್ಲ. ಅಕ್ಷರ ಹೊಸದು, ಅದರ ಮೇಲೆ ಶಬ್ದವೂ ಹೊಸದಾದರೆ ಎರಡು ಹೊರೆ ಒಟ್ಟಿಗೆ.

ಹೊಸದಾಗಿ ಕೆಲಸಕ್ಕೆ ಸೇರಿದಾಗ "ಬರಾಕತ್ತಾನ" ಅಂದ ಮಗುವನ್ನು ನಾನು ತಿದ್ದುತ್ತಿದ್ದೆ. "ಬರುತ್ತಿದ್ದಾನೆ ಅನ್ನಬೇಕು." ಒಂದು ವಾರದಲ್ಲಿ ಆ ಮಗು ಮಾತೇ ನಿಲ್ಲಿಸಿತು. ಈಗ ಎರಡನ್ನೂ ಬೋರ್ಡ್ ಮೇಲೆ ಬರೆಯುತ್ತೇನೆ. "ಇದು ಮನೆಯಲ್ಲಿ, ಇದು ಪುಸ್ತಕದಲ್ಲಿ." ಮಕ್ಕಳು ತಾವಾಗಿಯೇ ಜೋಡಿ ಹುಡುಕಲು ಶುರು ಮಾಡುತ್ತಾರೆ. ಅವರಿಗೆ ಅದೊಂದು ಆಟ.

ಇನ್ನೊಂದು ಮಾತು. ಎಲ್ಲ ಮನೆಗಳಲ್ಲೂ ಕನ್ನಡವೇ ಇಲ್ಲ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಹಳೇ ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಉರ್ದು. "ಮಾತೃಭಾಷೆಯಲ್ಲೇ ಕಲಿಕೆ" ಅಂತ ನಾವು ಕನ್ನಡದವರು ಸಲೀಸಾಗಿ ಹೇಳುತ್ತೇವೆ. ಲಂಬಾಣಿ ಮಗುವಿಗೆ ಕನ್ನಡ ಶಾಲೆಯೂ ಎರಡನೇ ಭಾಷೆಯ ಶಾಲೆಯೇ. ಇದನ್ನು ನೆನಪಿಟ್ಟುಕೊಂಡರೆ "ದಡ್ಡ" ಅನ್ನುವ ಮಾತು ಎಷ್ಟೋ ಕಡಿಮೆಯಾಗುತ್ತದೆ.

## ಹಾಗಾದರೆ ಇಂಗ್ಲಿಷ್ ಮೀಡಿಯಂಗೆ ಹಾಕಲಾ?

ಕಾನೂನಿನ ಪ್ರಕಾರ ನಿಮ್ಮಿಷ್ಟ. ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಅನ್ನುವ ರಾಜ್ಯದ 1994ರ ಆದೇಶದ ಮೇಲೆ ದೊಡ್ಡ ಜಗಳ ನಡೆದು, 2014ರಲ್ಲಿ ಸುಪ್ರೀಂ ಕೋರ್ಟು ಆಯ್ಕೆ ಪಾಲಕರದು ಅಂತ ಹೇಳಿತು. ನನ್ನ ಅಭಿಪ್ರಾಯ ಕೇಳಿದರೆ: ಮನೆಯಲ್ಲಿ ಒಬ್ಬರಿಗೂ ಇಂಗ್ಲಿಷ್ ಬರದಿದ್ದರೆ ಮೊದಲ ನಾಲ್ಕೈದು ವರ್ಷ ಕನ್ನಡದಲ್ಲಿ ಗಟ್ಟಿಯಾಗಲಿ. ಇಂಗ್ಲಿಷ್ ಒಂದು ವಿಷಯವಾಗಿ ಒಂದನೇ ತರಗತಿಯಿಂದಲೇ ಕನ್ನಡ ಶಾಲೆಯಲ್ಲೂ ಇದೆ. ಅದನ್ನು ಚೆನ್ನಾಗಿ ಕಲಿಸುತ್ತಾರಾ ಅಂತ ಕೇಳಿ, ಜಗಳ ಮಾಡಿ. ಆ ಜಗಳ ನ್ಯಾಯ.

## ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ: ಯಾವುದು ಒಳ್ಳೆಯದು?

ಪ್ರೌಢಶಾಲೆಯ ಗಣಿತ, ವಿಜ್ಞಾನದಲ್ಲಿ ಸ್ಟೇಟ್ ಮತ್ತು ಸಿಬಿಎಸ್‌ಇ ನಡುವೆ ನೀವು ಅಂದುಕೊಂಡಷ್ಟು ದೂರ ಇಲ್ಲ. ನಮ್ಮ ರಾಜ್ಯದ ಪುಸ್ತಕಗಳೂ ಎನ್‌ಸಿಇಆರ್‌ಟಿಯಿಂದಲೇ ಬಂದವು. ಅಪ್ಪನಿಗೆ ವರ್ಗಾವಣೆಯ ಕೆಲಸ ಇದ್ದರೆ ಸಿಬಿಎಸ್‌ಇ ಅನುಕೂಲ. ಉಳಿದಂತೆ ಬೋರ್ಡ್ ಹೆಸರಿಗಿಂತ ಆ ಶಾಲೆಯಲ್ಲಿ ಶಿಕ್ಷಕರು ವರ್ಷದ ನಡುವೆ ಬಿಟ್ಟು ಹೋಗುತ್ತಾರಾ ಅಂತ ವಿಚಾರಿಸಿ.

## ಮಗನನ್ನು ನವೋದಯ ಕೋಚಿಂಗ್‌ಗೆ ಹಾಕಿದ್ದೇವೆ. ಶಾಲೆಯ ಪಾಠ ತಪ್ಪಿದರೆ ನಡೆಯುತ್ತದಾ?

ಧಾರವಾಡದಲ್ಲಿ ಕೋಚಿಂಗ್ ಬೋರ್ಡ್ ಇಲ್ಲದ ಓಣಿ ಹುಡುಕಬೇಕು. ಸಪ್ತಾಪುರದಲ್ಲಿ ದೊಡ್ಡವರಿಗೆ, ಉಳಿದ ಕಡೆ ಚಿಕ್ಕವರಿಗೆ. ನವೋದಯ, ಮೊರಾರ್ಜಿ, ಸೈನಿಕ ಶಾಲೆ ಇಂಥ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಅಂತ ನಾಲ್ಕು, ಐದನೇ ತರಗತಿಯ ಮಕ್ಕಳನ್ನು ಹಾಸ್ಟೆಲ್‌ನಲ್ಲಿ ಇಟ್ಟು ಓದಿಸುತ್ತಾರೆ. ಹೆಸರು ಮಾತ್ರ ಯಾವುದೋ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ.

ಆ ಪರೀಕ್ಷೆ ಏನನ್ನು ಕೇಳುತ್ತದೆ ನೋಡಿ. ನವೋದಯದಲ್ಲಿ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು: ಚಿತ್ರ ಹೊಂದಿಸುವುದು, ಬೇರೆಯದನ್ನು ಗುರುತಿಸುವುದು. 20 ಅಂಕಗಣಿತ, 20 ಭಾಷೆ. ಎಲ್ಲವೂ ಸರಿ ಉತ್ತರಕ್ಕೆ ಗುರುತು ಹಾಕುವುದೇ. ಪರಿಸರ ಅಧ್ಯಯನ ಇಲ್ಲ. ಒಂದು ವಾಕ್ಯವನ್ನೂ ಸ್ವಂತ ಬರೆಯಬೇಕಾಗಿಲ್ಲ. ಇದು ಪರೀಕ್ಷೆಯ ತಪ್ಪಲ್ಲ. ಅದು ಆಯ್ಕೆ ಮಾಡಲು ಇರುವ ಜರಡಿ. ಜರಡಿಯನ್ನೇ ಎರಡು ವರ್ಷದ ಪಠ್ಯಕ್ರಮ ಮಾಡಿಕೊಂಡರೆ ತೊಂದರೆ.

ಒಂದು ನವೋದಯಕ್ಕೆ ಹೆಚ್ಚೆಂದರೆ 80 ಸೀಟು. ಉಳಿದವರು ಆರನೇ ತರಗತಿಗೆ ನಮ್ಮ ಹತ್ತಿರ ವಾಪಸ್ ಬರುತ್ತಾರೆ. ಅಂಥ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಲೆಕ್ಕದಲ್ಲಿ ಚುರುಕು, ನಾಲ್ಕು ಆಯ್ಕೆ ಕೊಟ್ಟರೆ ಮಿಂಚು. "ನಿಮ್ಮೂರಿನ ಕೆರೆಯ ಬಗ್ಗೆ ಐದು ಸಾಲು ಬರೆ" ಅಂದರೆ ಪೆನ್ನು ಕಚ್ಚುತ್ತಾ ಕೂರುತ್ತವೆ. ಸೀಟು ಸಿಗಲಿಲ್ಲ ಅನ್ನುವ ನೋವು ಬೇರೆ. ಹಾಕಬೇಡಿ ಅನ್ನುವುದಿಲ್ಲ. ಬಡವರ ಮನೆಗೆ ಆ ಸೀಟು ಎಂಥ ದೊಡ್ಡದು ಅಂತ ಗೊತ್ತು. ಶಾಲೆ ಬಿಡಿಸಬೇಡಿ, ಸಂಜೆ ಒಂದು ಗಂಟೆ ತಯಾರಿ ಮಾಡಿಸಿ ಅಂತ ಮಾತ್ರ ಹೇಳುತ್ತೇನೆ.

## ಪುಸ್ತಕ ಪದೇ ಪದೇ ಯಾಕೆ ಬದಲಾಗುತ್ತದೆ?

ಅರ್ಧ ಕಾರಣ ಒಳ್ಳೆಯದು: ಹೊಸ ಚೌಕಟ್ಟು ಬಂತು, ವಿಜ್ಞಾನ ಮುಂದೆ ಹೋಯಿತು. ಇನ್ನರ್ಧ ನಿಮಗೂ ಗೊತ್ತಿದೆ. ಬರಗೂರು ರಾಮಚಂದ್ರಪ್ಪ ಸಮಿತಿಯ ಪರಿಷ್ಕರಣೆ ಆಯಿತು, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯದು, 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ತಿದ್ದುಪಡಿ. ಯಾವ ಪಾಠ ಇರಬೇಕು, ಯಾವುದು ಬೇಡ ಅಂತ ಟಿವಿಯಲ್ಲಿ ವಾರಗಟ್ಟಲೆ ಕೂಗಾಟ. ಚರ್ಚೆ ಆಗಲಿ. ಮಕ್ಕಳು ಯಾರ ಕಥೆ ಓದುತ್ತಾರೆ ಅನ್ನುವುದು ಸಣ್ಣ ವಿಷಯ ಅಲ್ಲ. ಆದರೆ ನನಗೊಂದು ಹೊಟ್ಟೆಯುರಿ ಇದೆ. ಜಗಳ ಯಾವಾಗಲೂ ಕನ್ನಡ ಮತ್ತು ಸಮಾಜ ವಿಜ್ಞಾನದ ಪುಸ್ತಕದ ಮೇಲೆ. ಐದನೇ ತರಗತಿಯ ಮಗುವಿಗೆ ದಶಕ ತೆಗೆದುಕೊಂಡು ಕಳೆಯಲು ಬರುತ್ತಾ ಅಂತ ಒಂದು ದಿನವೂ ಟಿವಿಯಲ್ಲಿ ಯಾರೂ ಕೂಗಿದ್ದು ನಾನು ಕಂಡಿಲ್ಲ.

## ನಮ್ಮೂರಿನ ವಿಷಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ರಾಜ್ಯಕ್ಕೆಲ್ಲ ಒಂದೇ ಪುಸ್ತಕ. ಬೀದರಿಗೂ ಅದೇ, ಚಾಮರಾಜನಗರಕ್ಕೂ ಅದೇ. ಎಲ್ಲ ಊರನ್ನೂ ಅದರಲ್ಲಿ ತುಂಬಲು ಆಗುವುದಿಲ್ಲ. ಆ ಜಾಗ ಶಿಕ್ಷಕರದು, ಸ್ವಲ್ಪ ಪಾಲಕರದು. ನಮ್ಮ ಭಾಗದಲ್ಲಂತೂ ಸಾಮಗ್ರಿ ಬೇಕಾದಷ್ಟಿದೆ.

ಸಹಕಾರ ಸಂಘದ ಪಾಠ ಬಂತು ಅಂದುಕೊಳ್ಳಿ. ವ್ಯಾಖ್ಯಾನ ಬರೆಸಿ ಮುಗಿಸಬಹುದು. ಅಥವಾ ಗದಗಿನ ಪಕ್ಕದ ಕಣಗಿನಹಾಳದಿಂದ ಶುರು ಮಾಡಬಹುದು. 1904ರಲ್ಲಿ ಕಾಯ್ದೆ ಬಂತು, 1905ರಲ್ಲಿ ಆ ಊರಿನ ಸಿದ್ಧನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿಯೇಬಿಟ್ಟರು. ಸಾಲಕ್ಕೆ ಸಾಹುಕಾರನ ಮನೆ ಕಾಯುತ್ತಿದ್ದ ರೈತರು ಯಾಕೆ ಒಟ್ಟಾದರು? ಈ ಪ್ರಶ್ನೆ ಕೇಳಿದರೆ ಮಕ್ಕಳು ತಮ್ಮ ಮನೆಯ ಸಾಲದ ಕಥೆಯನ್ನೇ ಹೇಳುತ್ತಾರೆ.

ವಲಸೆ ಹಕ್ಕಿಗಳ ಪಾಠಕ್ಕೆ ಮಾಗಡಿ ಕೆರೆ ಇದೆ. ಗದಗ ಜಿಲ್ಲೆಯ ಶಿರಹಟ್ಟಿ ಕಡೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. 2024ರ ಜನವರಿಯಲ್ಲಿ ಅದಕ್ಕೆ ರಾಮ್‌ಸರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗು ಪ್ರದೇಶ, ಅನ್ನುವ ಮಾನ್ಯತೆ ಸಿಕ್ಕಿತು. ಬೆಳಗ್ಗೆ ಸುತ್ತಲಿನ ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುತ್ತವೆ. ಅವು ಯಾಕೆ ಇಷ್ಟು ದೂರ ಬರುತ್ತವೆ, ರೈತನಿಗೆ ಅದರಿಂದ ನಷ್ಟವೋ ಲಾಭವೋ? ಆಹಾರ, ಹವಾಮಾನ, ಕೃಷಿ ಮೂರೂ ಒಂದೇ ಪ್ರಶ್ನೆಯಲ್ಲಿ ಬಂದವು.

ಗಣಿತಕ್ಕೆ ನನ್ನ ಮೆಚ್ಚಿನದು ಬೆಂಗೇರಿ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಧ್ವಜದ ಉದ್ದ ಅಗಲ 3:2. ಒಂಬತ್ತು ಅಳತೆ ಇವೆ. ಚಿಕ್ಕದು 6 ಇಂಚು, 4 ಇಂಚು. ದೊಡ್ಡದು 21 ಅಡಿ, 14 ಅಡಿ. ಎರಡೂ ಒಂದೇ ಅನುಪಾತ ಹೌದಾ ಅಂತ ಮಕ್ಕಳೇ ತಾಳೆ ನೋಡುತ್ತಾರೆ. ದೊಡ್ಡದರ ವಿಸ್ತೀರ್ಣ ಚಿಕ್ಕದರ ಎಷ್ಟು ಪಟ್ಟು? ಉದ್ದ 42 ಪಟ್ಟು, ಹಾಗಾದರೆ ಬಟ್ಟೆಯೂ 42 ಪಟ್ಟು ಅಂತ ಅರ್ಧ ತರಗತಿ ಕೂಗುತ್ತದೆ. ಅಲ್ಲ, 1764 ಪಟ್ಟು. ಯಾಕೆ ಅಂತ ಹುಡುಕುವುದರಲ್ಲಿ ಒಂದು ಪಿರಿಯಡ್ ಹೋಗುತ್ತದೆ. ಹೋಗಲಿ. ಚಕ್ರದಲ್ಲಿ 24 ಅರೆಗಳು, ಎರಡರ ನಡುವಿನ ಕೋನ 15 ಡಿಗ್ರಿ. ಕೋನಮಾಪಕ ಹಿಡಿದು ಬಿಡಿಸಲು ಹೇಳಿದರೆ ಕೊನೆಯ ಅರೆ ಕೂಡುವುದೇ ಇಲ್ಲ. ಅರ್ಧ ಡಿಗ್ರಿ ತಪ್ಪು 24 ಸಲ ಸೇರಿದರೆ ಏನಾಗುತ್ತದೆ ಅಂತ ಆಗ ಗೊತ್ತಾಗುತ್ತದೆ.

## ಪ್ರಾಜೆಕ್ಟ್ ನಾವೇ ಮಾಡಿಕೊಡುವ ಹಾಗೆ ಆಗಿದೆ. ಇದರಿಂದ ಏನು ಉಪಯೋಗ?

ನೀವು ಮಾಡಿದರೆ ಏನೂ ಇಲ್ಲ. ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಮೌಲ್ಯಮಾಪನ) ಇರುತ್ತವೆ. ಎಫ್‌ಎ ಇರುವುದು ಕಲಿಯುವಾಗಲೇ ಮಗು ಎಲ್ಲಿ ಎಡವಿತು ಅಂತ ನೋಡಲು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಇಂಥ ನಿರಂತರ ಮೌಲ್ಯಮಾಪನವನ್ನೇ ಕೇಳುತ್ತದೆ. ಜೊತೆಗೆ ಮಗುವಿಗೆ ಭಯ, ಆತಂಕ ಇರಬಾರದು ಅನ್ನುತ್ತದೆ. ನಡೆಯುವುದು ಏನು? ಶಾಲೆಯ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ "ಜಲಮಾಲಿನ್ಯ ಪ್ರಾಜೆಕ್ಟ್" ಅಂತ ಸಿದ್ಧ ಪ್ರಿಂಟ್ ಸಿಗುತ್ತದೆ. ಒಂದು ತರಗತಿಯಲ್ಲಿ ಮೂವತ್ತು ಒಂದೇ ಥರದ ಪ್ರಾಜೆಕ್ಟ್, ಹೊದಿಕೆಯ ಬಣ್ಣ ಮಾತ್ರ ಬೇರೆ.

ತಪ್ಪು ನಮ್ಮದೂ ಇದೆ. ಅಂದವಾದದ್ದಕ್ಕೆ ಜಾಸ್ತಿ ಅಂಕ ಕೊಟ್ಟವರು ನಾವೇ. ಈಗ ನಾನು ಪ್ರಿಂಟ್ ತೆಗೆದುಕೊಳ್ಳುವುದಿಲ್ಲ. ಮನೆಯ ಕೊಡಪಾನ ಎಷ್ಟು ಲೀಟರ್, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಒಬ್ಬರಿಗೆ ದಿನಕ್ಕೆ ಎಷ್ಟು ನೀರು ಸಿಕ್ಕಿತು. ಒಂದು ಹಾಳೆ, ಪೆನ್ಸಿಲ್‌ನಲ್ಲಿ, ಮಗುವಿನ ಅಕ್ಷರದಲ್ಲಿ. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ ನೀರಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

## ಎಸ್‌ಎಸ್‌ಎಲ್‌ಸಿಗೆ "ಪಾಸಿಂಗ್ ಪ್ಯಾಕೇಜ್" ಸಾಕಲ್ವಾ?

ಪಾಸಾಗಲು ಸಾಕಾಗಬಹುದು. ಯಾವ ಪಾಠದಿಂದ ಎಷ್ಟು ಅಂಕ ಅಂತ ನೀಲನಕ್ಷೆ ನೋಡಿ, ಖಾತ್ರಿ ಬರುವ ಚಿತ್ರ, ಪ್ರಮೇಯ, ಪತ್ರಲೇಖನ ಇಷ್ಟನ್ನು ತಿರುವಿ ತಿರುವಿ ಮಾಡಿಸುವುದೇ ಪ್ಯಾಕೇಜ್. ಹಿಂದುಳಿದ ಮಗುವಿಗೆ ಅದು ಆಸರೆ, ನಾನು ಅದರ ವಿರೋಧಿ ಅಲ್ಲ. ಆದರೆ ಕೆಲವು ಕಡೆ ಒಂಬತ್ತನೇ ತರಗತಿಯಲ್ಲೇ ಶುರು ಮಾಡುತ್ತಾರೆ. ಆಗ ಪ್ಯಾಕೇಜೇ ಪಠ್ಯಕ್ರಮವಾಗಿಬಿಡುತ್ತದೆ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಕಾವಲು, ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕ ಕೊಟ್ಟ ಮೇಲೆ. ಕ್ಯಾಮೆರಾ ಯಾರಿಗೂ ಏನೂ ಮರೆಸಲಿಲ್ಲ. ಮೊದಲೇ ಬರುತ್ತಿರಲಿಲ್ಲ, ಈಗ ಕಂಡಿತು. ಒಂದು ಸಮಾಧಾನ: ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದು ಸಲ ಬಿದ್ದರೆ ವರ್ಷವೇ ಹೋಗುವ ಭಯ ಇಲ್ಲ.

## ಸಂಗೀತ, ಆಟ, ಚಿತ್ರಕಲೆ ಕೂಡ ಪಠ್ಯಕ್ರಮದಲ್ಲಿ ಇವೆಯಾ?

ಇವೆ. ವೇಳಾಪಟ್ಟಿಯಲ್ಲೂ ಇರುತ್ತವೆ. ಗಣಿತದ ಮಾಸ್ತರು ಕೇಳಿದರೆ ಮೊದಲು ಹೋಗುವ ಪಿರಿಯಡ್ ಅವೇ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಹುಟ್ಟಿದ ನಾಡಿನಲ್ಲಿ ಎಷ್ಟೋ ಶಾಲೆಗಳಿಗೆ ಸಂಗೀತ ಶಿಕ್ಷಕರೇ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಸಂಗೀತ ಕಲಿಸುವವರ ಒಂದು ಗುಣ ನನಗೆ ಅಸೂಯೆ ತರಿಸುತ್ತದೆ. ಸ್ವರಗಳ ಒಂದು ಪಲುಕು ಗಂಟಲಲ್ಲಿ ಕೂರುವವರೆಗೆ ಅವರು ಮುಂದೆ ಹೋಗುವುದಿಲ್ಲ. ಅವರನ್ನು ಪೋರ್ಷನ್ ಮುಗಿಯಿತಾ ಅಂತ ಯಾರೂ ಕೇಳುವುದಿಲ್ಲ.

## ಪುಸ್ತಕದಲ್ಲಿ ಇಲ್ಲದ್ದನ್ನೂ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ ಅಂತಾರಲ್ಲ?

ಅದಕ್ಕೆ ಕಾಣದ ಪಠ್ಯಕ್ರಮ ಅನ್ನುತ್ತಾರೆ. ಕಸ ಗುಡಿಸಲು ಹುಡುಗಿಯರು, ಬೆಂಚು ಎತ್ತಲು ಹುಡುಗರು ಅಂತ ದಿನಾ ಹೇಳಿದರೆ, ಸಮಾನತೆಯ ಪಾಠಕ್ಕಿಂತ ಅದು ಬೇಗ ತಲೆಗೆ ಹೋಗುತ್ತದೆ. ಜಾಣರು ಮುಂದಿನ ಸಾಲು, ಉಳಿದವರು ಹಿಂದೆ. ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ. ಇದಕ್ಕೆ ಪರೀಕ್ಷೆ ಇಲ್ಲ, ಆದರೂ ಎಲ್ಲರೂ ಪಾಸು.

## ಮಗಳು ಐದನೇ ತರಗತಿ. ಸರಿಯಾಗಿ ಓದಲು ಬರುವುದಿಲ್ಲ. ಏನು ಮಾಡಲಿ?

ಮೊದಲು ಬೈಯುವುದು ನಿಲ್ಲಿಸಿ. ಕೊರೋನಾ ಆದ ಮೇಲೆ ಇಂಥ ಮಕ್ಕಳು ಬಹಳ ಇದ್ದರು. 2022-23ರಲ್ಲಿ ರಾಜ್ಯವೇ ಕಲಿಕಾ ಚೇತರಿಕೆ ಅಂತ ಕಾರ್ಯಕ್ರಮ ತಂದು, ಆ ವರ್ಷದ ಪಾಠದ ಜೊತೆ ಹಿಂದಿನ ವರ್ಷಗಳ ಕಲಿಕೆಯನ್ನೂ ಹಾಳೆಗಳಲ್ಲಿ ಕೊಟ್ಟಿತು. ಅದರ ಒಳಗಿನ ವಿಚಾರ ಸರಳ: ಮಗು ಇರುವ ಮೆಟ್ಟಿಲಿನಿಂದ ಶುರು ಮಾಡು.

ಮನೆಯಲ್ಲೂ ಅದನ್ನೇ ಮಾಡಿ. ಎರಡನೇ ತರಗತಿಯ ಪುಸ್ತಕ ಕೊಟ್ಟು ಓದಿಸಿ. ತಡವರಿಸಿದರೆ ಒಂದನೆಯದು ಕೊಡಿ. ಎಲ್ಲಿ ಸಲೀಸಾಗಿ ಓದುತ್ತಾಳೋ ಅಲ್ಲಿಂದ ದಿನಾ ಹದಿನೈದು ನಿಮಿಷ, ಜೋರಾಗಿ. ಐದನೇ ತರಗತಿಯ ಪಾಠವನ್ನು ನೀವು ಓದಿ ಹೇಳಿ, ಅವಳು ಕೇಳಲಿ, ಮಾತಾಡಲಿ. ಓದಲು ಬರದ ಮಗುವಿಗೂ ಅರ್ಥ ಮಾಡಿಕೊಳ್ಳಲು ಬರುತ್ತದೆ. ಒತ್ತಕ್ಷರದಲ್ಲಿ ಸಿಕ್ಕಿಬಿದ್ದ ಮಕ್ಕಳೇ ಜಾಸ್ತಿ. ಬಸ್ ಬೋರ್ಡ್, ಅಂಗಡಿ ಬೋರ್ಡ್ ಓದಿಸಿ. "ಲಕ್ಷ್ಮೇಶ್ವರ", "ರಾಣೆಬೆನ್ನೂರು", "ಅಣ್ಣಿಗೇರಿ" ಓದಿದರೆ ಒತ್ತಕ್ಷರದ ಅರ್ಧ ಕೆಲಸ ಮುಗಿಯಿತು.

## ಮುಂದಿನ ಪಾಲಕರ ಸಭೆಯಲ್ಲಿ ಏನು ಕೇಳಲಿ?

ಪೋರ್ಷನ್ ಬಿಡಿ. "ಈ ಎರಡು ತಿಂಗಳಲ್ಲಿ ನನ್ನ ಮಗನಿಗೆ ಹೊಸದಾಗಿ ಏನು ಮಾಡಲು ಬಂತು? ಯಾವುದು ಇನ್ನೂ ಬಂದಿಲ್ಲ?" ಅಂತ ಕೇಳಿ. ಅವನ ನೋಟ್‌ಬುಕ್ ತೆಗೆದು ತೋರಿಸಿ ಅನ್ನಿ. ನಮಗೆ ಸ್ವಲ್ಪ ಇರಿಸುಮುರಿಸು ಆಗುತ್ತದೆ. ಆಗಲಿ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ನೀವು ಸದಸ್ಯರಾಗಿದ್ದರೆ, ಕಾಂಪೌಂಡ್ ಗೋಡೆ ಮತ್ತು ಬಣ್ಣದ ಚರ್ಚೆ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕೂ ಇಡಿ.

## ಹೋದ ವರ್ಷದ ಪುಸ್ತಕ ರದ್ದಿಗೆ ಹಾಕಬಹುದಾ?

ಬೇಡ. ಗಣಿತ, ವಿಜ್ಞಾನದಲ್ಲಿ ಒಂದೇ ವಿಷಯ ವರ್ಷ ವರ್ಷವೂ ಸ್ವಲ್ಪ ಆಳವಾಗಿ ಮತ್ತೆ ಬರುತ್ತದೆ. ಆರನೇ ತರಗತಿಯ ಅನುಪಾತ ತಿಳಿಯದಿದ್ದರೆ ಏಳನೆಯದರ ಶೇಕಡಾ ಲೆಕ್ಕದಲ್ಲಿ ಮಗು ನಿಂತುಬಿಡುತ್ತದೆ. ಆಗ ಹಳೆಯ ಪುಸ್ತಕವೇ ಕೈಗೆ ಬೇಕು. ಎರಡು ವರ್ಷದವು ಇರಲಿ, ಅದಕ್ಕಿಂತ ಹಳೆಯವನ್ನು ಶಾಲೆಯ ಪುಸ್ತಕ ಬ್ಯಾಂಕಿಗೆ ಕೊಡಿ. ಈಗಾಗಲೇ ಕೊಟ್ಟಿದ್ದರೆ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಮೊಬೈಲ್‌ನಲ್ಲಿ ಇಳಿಸಿಕೊಳ್ಳಬಹುದು. ಬೇಕಾದ ಪಾಠವನ್ನಷ್ಟೇ ಪ್ರಿಂಟ್ ಹಾಕಿಸಿ. ಝೆರಾಕ್ಸ್ ಅಂಗಡಿಯವನಿಗೂ ಒಂದು ಒಳ್ಳೆಯ ಕೆಲಸ ಸಿಕ್ಕ ಹಾಗಾಗುತ್ತದೆ.